ಸುಮ್ಮನೆ ನಡೆಯುವವಳು

ನನ್ನ ಹೆಂಡತಿ ಮಂಗಳಗೌರಿ ದೇವರ ಪಾದ ಸೇರಿ ಒಂದು ಮಳೆಗಾಲ ಕಳೆಯಿತು. ದುಃಖ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳಿಗ್ಗೆ ದೀಪ ಹಚ್ಚಿ ಆಂಜನೇಯನ ಮುಂದೆ ಕೂತಾಗ ಮೊದಲು ಬಾಯಿಗೆ ಬರುವುದು ನಮಸ್ಕಾರವೇ. ನಲವತ್ತೈದು ದಾಟಿದ ಬ್ರಹ್ಮಚಾರಿಯ ಬಾಗಿಲಿಗೆ ಅವಳನ್ನು ನಡೆಸಿಕೊಂಡು ಬಂದವನು ಅವನು. ಅದೂ ಅವಳು ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುತ್ತಿದ್ದ ಹೊತ್ತಿನಲ್ಲಿ.

ಅದು ತೊಂಬತ್ತಮೂರನೆಯ ಇಸವಿಯ ಶ್ರಾವಣ. ನಾನು, ರಾಮಾಂಜಿನಯ್ಯ, ತುಮಕೂರು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಯಾವ ಬಸ್ಸು ಎಲ್ಲಿಗೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು, ದಿಕ್ಕು ತಪ್ಪಿ ನಿಂತವರನ್ನು "ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿ ಸರಿಯಾದ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ತಂಗಿಯರ ಮದುವೆಗಳನ್ನು ಮುಗಿಸುವಷ್ಟರಲ್ಲಿ ನನ್ನ ಮದುವೆಯ ಮಾತೆತ್ತುವವರೇ ಇಲ್ಲವಾಗಿದ್ದರು. ಹೊರಪೇಟೆಯ ಮನೆಯಲ್ಲಿ ನಾನು ಮತ್ತು ನನ್ನ ಅವ್ವ ನರಸಿಂಹಮ್ಮ, ಇಬ್ಬರೇ.

ಅಂದು ನನಗೆ ವಾರದ ರಜೆ. ಸಂಜೆಯ ಬಿಸಿಲು ಬೀದಿಯ ಒಂದು ಪಕ್ಕಕ್ಕೆ ಸರಿದಿತ್ತು. ಅವ್ವ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಎದುರು ಮನೆಯ ಸಿದ್ದಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, ಎಂದಿನಂತೆ, ಬೀದಿ ಕಾಯುತ್ತಿದ್ದರು. ನಾನು ಒಳಗೆ ಕಿಟಕಿಯ ಬಳಿ ಪೇಪರ್ ಹಿಡಿದು ಕೂತಿದ್ದೆ.

ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ಬಂದಳು. ನೂಲಿನ ಸೀರೆ, ಬಿಗಿಯಾಗಿ ಹೆಣೆದ ಜಡೆ, ಕಿವಿಯ ಬಳಿ ಒಂದೆರಡು ನರೆ, ಕೈಯಲ್ಲಿ ಕುಂಕುಮದ ಭರಣಿ. ನಮ್ಮ ಕಡೆ ಭರಣಿ ಹಿಡಿದ ಹೆಂಗಸನ್ನು ಯಾರೂ ತಡೆದು ಮಾತಾಡಿಸುವುದಿಲ್ಲ. ಮನೆಮನೆಗೆ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟಿದ್ದಾಳೆ ಎಂದು ತಿಳಿದು ದಾರಿ ಬಿಡುತ್ತಾರೆ. ಆದರೆ ಈಕೆ ಯಾವ ಮನೆಗೂ ಹೋಗುತ್ತಿರಲಿಲ್ಲ. ಹೊಸ್ತಿಲುಗಳನ್ನಷ್ಟೇ ನೋಡುತ್ತಾ, ಒಂದೊಂದರ ಮುಂದೆಯೂ ಹೆಜ್ಜೆ ನಿಧಾನ ಮಾಡುತ್ತಾ, ದೇವಸ್ಥಾನದ ಒಳಗೆ ನಡೆಯುವವರ ಹಾಗೆ ಬರುತ್ತಿದ್ದಳು.

"ಯಾರ ಮನೆ ಬೇಕಮ್ಮ? ನಿನ್ನೇನೂ ಬಂದಿದ್ದೆ, ಮೊನ್ನೇನೂ ಬಂದಿದ್ದೆ" ಎಂದರು ಸಿದ್ದಲಕ್ಷ್ಮಮ್ಮ.

ಆಕೆ ಬೆಚ್ಚಿಬಿದ್ದಳು. "ನಿ... ನಿಮ್ಮ ಮನೆಗೇ" ಎಂದು ಗಡಿಬಿಡಿಯಲ್ಲಿ ಭರಣಿಯ ಮುಚ್ಚಳ ತೆಗೆದು ಚಾಚಿದಳು. "ಅರಿಶಿನ ಕುಂಕುಮಕ್ಕೆ ಬರಬೇಕು."

ಸಿದ್ದಲಕ್ಷ್ಮಮ್ಮ ಹಣೆಗೆ ಕುಂಕುಮ ಇಟ್ಟುಕೊಂಡರು. ಆಕೆ ತಲೆ ಎತ್ತದೆ ತಿರುಗಿ, ಅದೇ ಭರಣಿಯನ್ನು ನಮ್ಮ ಜಗಲಿಯ ಕಡೆ ಹಿಡಿದಳು. "ನೀವೂ ಬರಬೇಕು."

ಅವ್ವನ ಕೈಯ ಮೊರ ನಿಂತಿತು. ಅಪ್ಪ ಹೋದ ಮೇಲೆ ಅವ್ವನ ಮುಂದೆ ಯಾರೂ ಕುಂಕುಮದ ಭರಣಿ ಹಿಡಿದಿರಲಿಲ್ಲ. ಯಾರಾದರೂ ಕರೆಯಲು ಬರುವುದು ಕಂಡರೆ ಅವ್ವ ತಾನಾಗಿಯೇ ಎದ್ದು ಅಡಿಗೆಮನೆ ಸೇರುತ್ತಿದ್ದಳು. ಇಂದು ಏಳಲು ಹೊತ್ತು ಸಿಕ್ಕಿರಲಿಲ್ಲ.

ಅವ್ವ ಕುಂಕುಮವನ್ನು ಮುಟ್ಟಲಿಲ್ಲ. ಭರಣಿಯ ಅಂಚನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. "ಬತ್ತೀನಿ ಕಣವ್ವ. ಯಾವತ್ತು?"

"ಶು... ಶುಕ್ರವಾರ."

"ಮನೆ?"

"ಮರಳೂರು. ಫ್ಲೋರ್ ಮಿಲ್ ಪಕ್ಕದ ಮಹಡಿ. ಡ್ರಾಯಿಂಗ್ ಟೀಚರ್ ಅಂದ್ರೆ ತೋರಿಸ್ತಾರೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಮುಖ ಅದು, ಕಿವಿಯವರೆಗೆ ಕೆಂಪಾಗಿತ್ತು. ತಲೆ ಎತ್ತಿದಾಗ ಕಿಟಕಿಯಲ್ಲಿ ನಾನು ಕಂಡೆ. ಹಿಡಿದುಬಿಟ್ಟಿರಾ ಎಂಬಂತೆ ಒಂದು ಗಳಿಗೆ ನೋಡಿ, ತುಟಿ ಕಚ್ಚಿಕೊಂಡು ಬಿರಬಿರನೆ ಹೊರಟುಹೋದಳು. ಪೇಪರಿನಲ್ಲಿ ಆಮೇಲೆ ನಾನು ಏನು ಓದಿದೆನೋ ನೆನಪಿಲ್ಲ.

"ಅವಳಿಗೆ ಕಣ್ಣು ಕಾಣಾಕಿಲ್ವಾ, ನರಸಿಂಹಮ್ಮ?" ಸಿದ್ದಲಕ್ಷ್ಮಮ್ಮ ಕೊಂಕು ತೆಗೆದರು.

"ನಿನ್ನೂ ಕರೆದ್ಲು, ನನ್ನೂ ಕರೆದ್ಲು. ಚೆನ್ನಾಗೇ ಕಾಣ್ತದೆ ಬುಡು" ಎಂದು ಅವ್ವ ಮತ್ತೆ ಮೊರ ಕೈಗೆತ್ತಿಕೊಂಡಳು.

ಶುಕ್ರವಾರ ಅವ್ವ ಪೆಟ್ಟಿಗೆಯ ತಳದಿಂದ ಇಸ್ತ್ರಿ ಸೀರೆ ತೆಗೆದಳು. ನನಗೆ ಒಳಗೊಳಗೇ ಅಳುಕು. "ಅವ್ವ, ಅಲ್ಲಿ ಬೇರೆ ಹೆಂಗಸರೂ ಇರ್ತಾರೆ. ಯಾರಾದ್ರೂ ಏನಾದ್ರೂ ಅಂದ್ರೆ..."

"ಅನ್ಲಿ ಬುಡ್ಲಾ. ಕರೆದೋಳು ಆ ಮಗ, ಅವರಲ್ಲ."

ಸಿದ್ದಲಕ್ಷ್ಮಮ್ಮನೂ ಸೇರಿ ಮೂವರೂ ಆಟೋದಲ್ಲಿ ಮರಳೂರಿಗೆ ಹೋದೆವು. ಬಾಗಿಲು ತೆರೆದವಳ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯೆಲ್ಲ ಇದ್ದಿಲಿನ ಕರಿ, ಕೆನ್ನೆಯ ಮೇಲೂ ಒಂದು ಗೆರೆ. ಒಳಗೆ ಕಳಶವಿಲ್ಲ, ಹೂವಿಲ್ಲ, ಒಬ್ಬ ಹೆಂಗಸೂ ಇಲ್ಲ.

"ಅಯ್ಯೋ ದೇವರೇ, ನಿಜವಾಗ್ಲೂ ಬಂದುಬಿಟ್ರಾ!" ಎಂದಳು.

"ಕರೆದ ಮೇಲೆ ಬರದೇ ಇರ್ತಾರಾ? ಪೂಜೆ ಎಲ್ಲಮ್ಮ?" ಸಿದ್ದಲಕ್ಷ್ಮಮ್ಮ ಕತ್ತು ಚಾಚಿದರು.

"ಪೂಜೆ ಇಲ್ಲ. ನಾನು ಯಾರನ್ನೂ ಕರೆಯೋಕೆ ಬಂದಿರಲಿಲ್ಲ." ಅವಳ ದನಿ ಇಳಿಯಿತು. "ನಡೆಯೋಕೆ ಬಂದಿದ್ದೆ."

"ನಡೆಯೋಕೆ ಅಂದ್ರೆ?" ಎಂದೆ ನಾನು. ದೇವರ ಕುಂಕುಮವನ್ನು ನೆಪ ಮಾಡಿಕೊಂಡಳಲ್ಲ ಎಂದು ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಇಸ್ತ್ರಿ ಸೀರೆ ಉಟ್ಟು ನಿಂತ ಅವ್ವನ ಮುಖ ನೋಡಲಾಗದೆ ಸಿಟ್ಟು ಬಂದಿತ್ತು.

"ನಡೆಯೋದೇ ನನ್ನ ಚಿತ್ರದ ಕೆಲಸ ಸಾರ್. ಒಂದು ದಿನ ಬರೀ ಹೊಸ್ತಿಲು ನೋಡ್ತಾ ನಡೀತೀನಿ. ಒಂದು ದಿನ ಬರೀ ನೆರಳು. ಒಂದು ದಿನ ಏನೂ ನೋಡದೆ ಬೀದಿ ಸದ್ದು ಕೇಳ್ಕೊಂಡು. ದಾರೀಲಿ ಏನೂ ಬರೆಯಲ್ಲ. ಮನೆಗೆ ಬಂದ ಮೇಲೆ ಕಾಲು ನೆನಪಿಟ್ಕೊಂಡಿದ್ದನ್ನ ಬರೀತೀನಿ. ಗಂಡಸರು ಸುಮ್ನೆ ಸುತ್ತಿದ್ರೆ ಗಾಳಿಗೆ ಬಂದವ್ರೆ ಅಂತಾರೆ. ಹೆಂಗಸು ಸುತ್ತಿದ್ರೆ ಎಲ್ಲಿಗೆ, ಯಾಕೆ, ಯಾರನ್ನ ನೋಡೋಕೆ ಅಂತಾರೆ. ಭರಣಿ ಕೈಲಿದ್ರೆ ಕೇಳಲ್ಲ. ನಿಮ್ಮ ಬೀದೀಲಿ ಕೇಳಿಬಿಟ್ರು."

"ಸುಳ್ಳಿ!" ಎಂದರು ಸಿದ್ದಲಕ್ಷ್ಮಮ್ಮ.

ಅವ್ವ ನಮ್ಮ ಮಾತು ಕೇಳುತ್ತಿರಲಿಲ್ಲ. ಗೋಡೆಯ ಮುಂದೆ ನಿಂತಿದ್ದಳು. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಅಂಟಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಮ್ಮ ಬೀದಿಯನ್ನು ಬರೆದಿದ್ದಳು. ಮನೆಗಳಿಲ್ಲ, ಜನರಿಲ್ಲ, ಹೊಸ್ತಿಲುಗಳು ಮಾತ್ರ. ಒಂದು ಸವೆದದ್ದು, ಒಂದು ಸಿಮೆಂಟು ಬಳಿದದ್ದು, ಒಂದರ ಮೇಲೆ ಮಗುವಿನ ಚಪ್ಪಲಿ.

"ಇದು ನಂದು" ಎಂದು ಅವ್ವ ಬೆರಳಿಟ್ಟಳು. "ನೋಡ್ಲಾ ರಾಮಾಂಜಿ, ನಿಮ್ಮಪ್ಪ ಸೈಕಲ್ ಎತ್ತಿ ಇಳಿಸಿ ಮುಕ್ಕು ಮಾಡಿದ ಜಾಗ."

ನಾನು ನಿತ್ಯ ದಾಟುವ ಹೊಸ್ತಿಲು. ಆ ಮುಕ್ಕನ್ನು ನಾನು ಮರೆತೇಬಿಟ್ಟಿದ್ದೆ.

ಅವ್ವ ಅವಳ ಕಡೆ ತಿರುಗಿದಳು. "ನೀನು ಕರೆದಿದ್ದಾಯ್ತು, ನಾವು ಬಂದಿದ್ದಾಯ್ತು. ಮನೇಲಿ ಹುರಿಗಡಲೆ, ಬೆಲ್ಲ ಐತಾ? ದೇವರ ಪಟ ಐತಾ? ಕೈ ತೊಳ್ಕೊಂಡು ದೀಪ ಹಚ್ಚು."

ಅವಳು ದೀಪ ಹಚ್ಚಿದಳು. ಸಿದ್ದಲಕ್ಷ್ಮಮ್ಮ ಗೊಣಗುತ್ತಲೇ ಒಂದು ಹಾಡು ಹೇಳಿದರು. ಫಲ ತಾಂಬೂಲದ ಬದಲು ಹುರಿಗಡಲೆ, ಬೆಲ್ಲ, ಒಂದೊಂದು ಬಾಳೆಹಣ್ಣು. ಅವಳು ತಟ್ಟೆ ಹಿಡಿದು ಮೊದಲು ಬಂದದ್ದು ಅವ್ವನ ಮುಂದೆ. ಈ ಸಲ ತಲೆ ಎತ್ತಿ, ಅವ್ವನ ಬರಿಯ ಹಣೆಯನ್ನು ಚೆನ್ನಾಗಿ ನೋಡಿಯೇ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಅವ್ವ ಸೆರಗೊಡ್ಡಿ ಈಸಿಕೊಂಡು ಅವಳ ತಲೆಯ ಮೇಲೆ ಕೈಯಿಟ್ಟಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಮೆಟ್ಟಿಲಿಳಿಯುವಾಗ, ನಿಮ್ಮ ಕೆನ್ನೆಯ ಮೇಲೆ ಕರಿ ಇದೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಹೇಳಿದರೆ ಒರೆಸಿಕೊಂಡುಬಿಡುತ್ತಿದ್ದಳು.

ಆಮೇಲೆ ಗೌರಿ ನಮ್ಮ ಮನೆಗೆ ಬರತೊಡಗಿದಳು. ಚೇಳೂರಿನ ಕಡೆಯವಳು, ತಂದೆತಾಯಿ ಇಲ್ಲ, ಹಿಂದೆ ಒಂದು ಸಂಬಂಧ ಇದೇ ನಡಿಗೆಯ ಕಾರಣಕ್ಕೆ ಮುರಿದಿತ್ತು ಎಂಬುದನ್ನೆಲ್ಲ ಅವ್ವ ಕಾಫಿ ಆರುವುದರೊಳಗೆ ತಿಳಿದುಕೊಂಡಿದ್ದಳು. ಒಂದು ಭಾನುವಾರ ಗೌರಿ ಬಸ್ ನಿಲ್ದಾಣದಲ್ಲಿ ನನ್ನ ಕಿಟಕಿಯ ಮುಂದೆ ನಿಂತಳು.

"ಎಲ್ಲಿಗೆ?" ರೂಢಿಯಂತೆ ನನ್ನ ಬಾಯಿಂದ ಬಂತು.

"ನೀವೇ ಹೇಳಿ ಸಾರ್. ಎಲ್ಲಿಗೂ ಹೋಗದ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತೆ?"

ಮೈಕು ಚಾಲೂ ಇತ್ತು. ನಾನು ನಕ್ಕದ್ದು ನಿಲ್ದಾಣಕ್ಕೆಲ್ಲ ಕೇಳಿಸಿತು.

"ಗುಬ್ಬಿಗೆ ಹೋಗಿ ನಡೀತೀನಿ ಇವತ್ತು. ನಿಮ್ಮ ಡ್ಯೂಟಿ ಮುಗೀತಲ್ಲ, ಬನ್ನಿ. ಆದ್ರೆ ಎರಡು ಮಾತು. ಎಲ್ಲಿಗೆ ಅನ್ನಬಾರದು. ಹತ್ತಿರದ ದಾರಿ ತೋರಿಸಬಾರದು."

ಗುಬ್ಬಿಯ ಪೇಟೆಯಲ್ಲಿ ನಾನು ಎರಡನ್ನೂ ಮುರಿದೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಅಲ್ಲಿ ಎಲ್ಲರಿಗೂ ನನ್ನ ಗುರುತು. ಟೀ ಅಂಗಡಿಯ ಮುಂದೆ ನಿಂತಿದ್ದ ನಮ್ಮ ಡ್ರೈವರ್ ಅಡವಿಯಪ್ಪ ದೂರದಿಂದಲೇ ಕೂಗಿದ. "ಏನ್ ಸಾರ್, ಎಲ್ಲಿಗೆ ಹೊಂಟ್ರಿ? ಅದೂ ಜೊತೇಲಿ?"

"ದೇ... ದೇವಸ್ಥಾನಕ್ಕೆ ಕಣಯ್ಯ" ಎಂದೆ. ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಕೇಳಿದರು. ಅವರಿಗೂ ಅದನ್ನೇ ಹೇಳಿದೆ.

ಗೌರಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. "ದೇವರ ಹೆಸರಲ್ಲಿ ಸುಳ್ಳು ಹೇಳಿದ್ರೆ ಸಿಟ್ಟು ಬರುತ್ತಲ್ಲ ನಿಮಗೆ? ನಡೀರಿ, ನಿಜ ಮಾಡೋಣ."

ಹೀಗೆ ನಾವು ಚನ್ನಬಸವೇಶ್ವರನ ಸನ್ನಿಧಿಗೆ ಬಂದೆವು. ಕಾಲು ತೊಳೆದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದೆವು. ಅವಳು ಮುಂದೆ, ನಾನು ಹಿಂದೆ. ಮತ್ತೆ ಅದೇ ಮೂಲೆ, ಮತ್ತೆ ಅದೇ ಕಂಬ. ಅವಳ ಒದ್ದೆ ಪಾದದ ಗುರುತು ಕಲ್ಲಿನ ಮೇಲೆ ಮೂಡಿ, ನಾನು ತಲುಪುವಷ್ಟರಲ್ಲಿ ಆರಿಹೋಗುತ್ತಿತ್ತು.

"ಒಂದು ಮಾತು ಹೊಳೀತು" ಎಂದೆ. "ಹುಟ್ಟಿದಾಗಿಂದ ಪ್ರದಕ್ಷಿಣೆ ಹಾಕ್ತಾ ಇದೀನಿ. ಎಲ್ಲಿಗೆ ಹೋಗ್ತಿದೀಯ ಅಂತ ಇಲ್ಲಿ ಯಾರೂ ಕೇಳಿಲ್ಲ. ಊರನ್ನೂ ಹಿಂಗೇ ಸುತ್ತಬಹುದಲ್ವಾ, ಅದರಲ್ಲೂ ಅವನಿದ್ದಾನೆ ಅಂದುಕೊಂಡು?"

ಗೌರಿ ನಿಂತು ತಿರುಗಿ ನೋಡಿದಳು. ಆ ನೋಟದಲ್ಲಿ ಕೀಟಲೆ ಇರಲಿಲ್ಲ. ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ನನಗೆ ಹೇಳೋಕೆ ಬಂದಿರಲಿಲ್ಲ ಸಾರ್. ಇದನ್ನೇ ಮಾಡ್ತಾ ಇರೋದು ನಾನು."

ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು, ಇನ್ನು ಈ ಹೆಂಗಸಿಲ್ಲದೆ ನನಗೆ ಆಗುವುದಿಲ್ಲ ಎಂದು.

ಬನ್ನಿ ಹಬ್ಬದ ದಿನ ಅವ್ವನೇ ಮಾತೆತ್ತಿದಳು. "ನನ್ನ ಮಗ ಮೈಕಿನಾಗೆ ಇಡೀ ಜಿಲ್ಲೆಗೆ ಕೂಗ್ತಾನೆ. ನಿನ್ನ ಮುಂದೆ ಉಸಿರೇ ಹೊಂಡಾಕಿಲ್ಲ. ಅದ್ಕೇ ನಾನೇ ಕೇಳ್ತೀನಿ ಮಗ. ಈ ಮನೆಗೆ ಬತ್ತೀಯಾ?"

ಗೌರಿ ಬನ್ನಿ ಎಲೆಯನ್ನು ಬೆರಳಲ್ಲಿ ತಿರುಗಿಸಿದಳು. "ನಾನು ನಡೆಯೋದು ಬಿಡಲ್ಲ ಅವ್ವ. ಒಬ್ಬಳೇ ನಡೀತೀನಿ. ಯಾರೂ ಎಲ್ಲಿಗೆ ಅನ್ನಬಾರದು. ಅದು ಹೋದ್ರೆ ನಾನು ಇದ್ದೂ ಇಲ್ಲದ ಹಾಗೆ."

"ಆಗಲಿ" ಎಂದೆ ನಾನು. "ನಾನು ಕೇಳಲ್ಲ."

"ದೀಪಾವಳಿಗೆ ಹೇಳ್ತೀನಿ" ಎಂದಳು. ಆದರೆ ನನ್ನ ಕಡೆ ನೋಡಿ ನಕ್ಕಳು. ಆ ನಗುವಿನ ಮೇಲೆ ನಾನು ಮನೆ ಕಟ್ಟಿಬಿಟ್ಟೆ.

ನಾನು ಕೇಳಲಿಲ್ಲ. ಆದರೆ ಸುದ್ದಿ ಸಿದ್ದಲಕ್ಷ್ಮಮ್ಮನ ಬಾಗಿಲು ದಾಟಿ ಬಸ್ ಡಿಪೋ ತಲುಪಿತ್ತು. ನಮ್ಮ ಡ್ರೈವರುಗಳು, ಕಂಡಕ್ಟರುಗಳು ಬಲು ಒಳ್ಳೆಯವರು. ನಮ್ಮ ಸಾರ್‌ಗೆ ಈ ವಯಸ್ಸಿನಲ್ಲಿ ಕಂಕಣ ಕೂಡಿ ಬಂತೆಂದು ಹಿಗ್ಗಿಹೋಗಿದ್ದರು. ಗೌರಿ ರಸ್ತೆಯಲ್ಲಿ ಕಂಡರೆ ಸಾಕು, ಅಡವಿಯಪ್ಪ ಬಸ್ಸು ನಿಲ್ಲಿಸುತ್ತಿದ್ದ. "ಅತ್ತಿಗೆ, ಎಲ್ಲಿಗೆ? ಹತ್ತಿ, ಬುಡ್ತೀವಿ!" ಗುಬ್ಬಿಯಲ್ಲಿ ಒಬ್ಬ, ಮಂಡಿಪೇಟೆಯಲ್ಲಿ ಒಬ್ಬ, ಟೌನ್ ಹಾಲ್ ಹತ್ತಿರ ಇನ್ನೊಬ್ಬ. "ಒಬ್ರೇ ಯಾಕೆ ಅತ್ತಿಗೆ? ಸಾರ್ ಎಲ್ಲಿ?" ಆಟೋದವರೂ ಕಲಿತುಕೊಂಡರು. ಅಂಗಡಿಯವರು ಸ್ಟೂಲು ಎಳೆದು ಕೂರಿಸಿದರು.

ದೀಪಾವಳಿಯ ಹಿಂದಿನ ದಿನ ಗೌರಿ ಬಂದಳು. ಮುಖ ಬಾಡಿತ್ತು.

"ಬೇಡ ಸಾರ್" ಎಂದಳು. "ಯಾರ ಮೇಲೂ ಕೋಪ ಇಲ್ಲ. ಎಲ್ಲರೂ ಒಳ್ಳೆಯವರೇ, ಅದೇ ಕಷ್ಟ. ಮುಂಚೆ ಅನುಮಾನದಿಂದ ಕೇಳ್ತಿದ್ರು, ಭರಣಿ ಹಿಡಿದು ತಪ್ಪಿಸ್ಕೊಳ್ತಿದ್ದೆ. ಈಗ ಪ್ರೀತಿಯಿಂದ ಕೇಳ್ತಾರೆ. ಇದರಿಂದ ಹೇಗೆ ತಪ್ಪಿಸ್ಕೊಳ್ಳಲಿ? ಹದಿನೈದು ದಿನದಿಂದ ಸ್ಕೂಲು ಬಿಟ್ರೆ ಎಲ್ಲೂ ಹೊರಟಿಲ್ಲ. ಗೋಡೆ ಮೇಲೆ ಒಂದು ಗೆರೆ ಎಳೆದಿಲ್ಲ."

"ನಾನು ಅವರಿಗೆಲ್ಲ ಹೇಳ್ತೀನಿ, ಕೇಳಬೇಡಿ ಅಂತ."

"ಹೇಳಿದ್ರೆ ಯಾಕೆ ಕೇಳಬಾರದು ಅಂತ ಕೇಳ್ತಾರೆ." ಅವಳು ನಗಲು ನೋಡಿದಳು, ಆಗಲಿಲ್ಲ. ಅವ್ವನಿಗೆ ನಮಸ್ಕಾರ ಮಾಡಿ ಹೊರಟುಹೋದಳು.

ಹಬ್ಬದ ದೀಪ ಹಚ್ಚಿದ ಅವ್ವ ನನ್ನ ಪಕ್ಕ ಬಂದು ಕೂತಳು. "ಹೆಣ್ಣು ಒಳ್ಳೇದು ಕಣ್ಲಾ. ಊರಿಗೆ ಬಾಯಿ ದೊಡ್ಡದು. ಅದು ಹಾಡಿ ಹಾಡಿ ಸುಸ್ತಾಗಬೇಕು, ಬ್ಯಾರೆ ದಾರಿ ಇಲ್ಲ."

ಅವ್ವ ಸುಮ್ಮನೆ ಆಡಿದ ಮಾತು. ನನಗೆ ಅದೇ ದಾರಿಯಾಗಿ ಕಂಡಿತು. ಊರಿಗೆ ಸುಸ್ತಾಗಬೇಕಾದರೆ, ಅದು ನನ್ನನ್ನೇ ಕೇಳಿ ಕೇಳಿ ಸುಸ್ತಾಗಲಿ.

ಕಾರ್ತಿಕದಲ್ಲಿ ನಾನು ನಡೆಯತೊಡಗಿದೆ. ಡ್ಯೂಟಿ ಮುಗಿದ ಮೇಲೆ, ಕೈಯಲ್ಲಿ ಚೀಲವಿಲ್ಲದೆ, ಕೆಲಸವಿಲ್ಲದೆ, ಗೌರಿ ನಡೆಯುತ್ತಿದ್ದ ಬೀದಿಗಳಲ್ಲೆಲ್ಲ.

"ಎಲ್ಲಿಗೆ ಸಾರ್?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣಯ್ಯ."

ಮೊದಲು ನಕ್ಕರು. ಆಮೇಲೆ ಮದುವೆ ತಪ್ಪಿ ತಲೆ ಕೆಟ್ಟಿದೆ ಎಂದರು. ಸಿದ್ದಲಕ್ಷ್ಮಮ್ಮ ಎಲ್ಲಿಂದಲೋ ತಾಯತ ಮಾಡಿಸಿಕೊಂಡು ಬಂದರು, ಕಟ್ಟಿಸಿಕೊಂಡೇ ನಡೆದೆ. ಅಡವಿಯಪ್ಪ ಬಸ್ಸು ನಿಲ್ಲಿಸಿ, "ಸಾರ್, ನಮ್ಮಿಂದೇನಾದ್ರೂ ತಪ್ಪಾಯ್ತಾ?" ಎಂದು ಕಣ್ಣೀರಿಟ್ಟ. "ಇಲ್ಲಪ್ಪ, ಸುಮ್ನೆ ನಡೀತಾ ಇದೀನಿ. ನೀನು ಬಸ್ಸು ತೆಗಿ, ಟೈಮಾಯ್ತು" ಎಂದೆ.

ನಡೆಯುತ್ತಾ ಊರು ನನಗೆ ಕಾಣತೊಡಗಿತು. ಮಂಡಿಪೇಟೆಯಲ್ಲಿ ಬೆಲ್ಲದ ವಾಸನೆ ಮುಗಿದು ಕೊಬ್ಬರಿಯ ವಾಸನೆ ಶುರುವಾಗುವ ಜಾಗ ಯಾವುದೆಂದು ತಿಳಿಯಿತು. ಚಿಕ್ಕಪೇಟೆಯ ದರ್ಜಿಗಳ ಮಿಷನ್ನುಗಳು ಸಂಜೆ ಒಂದಾದ ಮೇಲೊಂದು ನಿಲ್ಲುವುದನ್ನು ಕೇಳಿದೆ. ಅಮಾನಿಕೆರೆಯ ಮೇಲಿಂದ ಬರುವ ಗಾಳಿ ಯಾವ ಬೀದಿಯವರೆಗೆ ತಲುಪುತ್ತದೆ ಎಂಬುದು ಮೈಗೆ ಗೊತ್ತಾಯಿತು. ಇಡೀ ಆಯುಸ್ಸು ಕಳೆದ ಊರು. ಅದನ್ನು ನನಗೆ ಕೊಟ್ಟವಳು ಅವಳು. ಮದುವೆಯಾಗದೇ ಹೋದರೂ ಇಷ್ಟು ಸಿಕ್ಕಿತಲ್ಲ ಸ್ವಾಮಿ ಎಂದು ಕೋಟೆ ಆಂಜನೇಯನಿಗೆ ಕೈ ಮುಗಿದೆ.

ಅವರೆಕಾಯಿ ಬರುವ ಹೊತ್ತಿಗೆ ಊರಿಗೆ ಬೇಸರ ಬಂದಿತ್ತು. "ಎಲ್ಲಿಗೆ?" ಎಂದು ಯಾರಾದರೂ ಹೊಸಬರು ಕೇಳಿದರೆ ಪಕ್ಕದವರೇ, "ಅವರು ಸುಮ್ನೆ ನಡೆಯೋರು ಬುಡಿ" ಎನ್ನುತ್ತಿದ್ದರು. ಒಂದು ಸಂಜೆ ಚಿಕ್ಕಪೇಟೆಯಲ್ಲಿ ಅಪರಿಚಿತ ಹೆಂಗಸೊಬ್ಬಳು ಸುಮ್ಮನೆ ನಿಂತು ಗೋಪುರ ನೋಡುತ್ತಿದ್ದಳು. ಹೂವಿನ ಅಂಗಡಿಯವನು ಅವಳನ್ನು ಏನೂ ಕೇಳದೆ ಹೂವು ಕಟ್ಟುತ್ತಲೇ ಇದ್ದ. ಆಗ ನಾನು ಮರಳೂರಿನ ಕಡೆ ಹೆಜ್ಜೆ ಹಾಕಿದೆ.

ಗೌರಿ ಬಾಗಿಲಲ್ಲೇ ನಿಂತಿದ್ದಳು. "ಕೇಳಿದೆ. ಸಾರ್‌ಗೆ ಹುಚ್ಚು ಹಿಡಿದಿದೆ ಅಂತ ಇಡೀ ಸ್ಟಾಫ್ ರೂಂ ಹೇಳ್ತಿದೆ. ಯಾಕೆ ಇದೆಲ್ಲ?"

"ನಿಮ್ಮನ್ನ ಮದುವೆಗೆ ಒಪ್ಪಿಸೋಕೆ ಬಂದಿಲ್ಲ" ಎಂದೆ. ಮೈಕಿಲ್ಲದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ನೀವು ಮತ್ತೆ ನಡೀಬೇಕು. ಹೊರಪೇಟೆ, ಮಂಡಿಪೇಟೆ, ಚಿಕ್ಕಪೇಟೆ, ಎಲ್ಲಾ ಕಡೆ ಕೇಳೋದು ಬಿಟ್ಟವ್ರೆ. ಗುಬ್ಬೀಲಿ ಇನ್ನು ನಾಲ್ಕೈದು ಜನ ಕೇಳ್ತಾರೆ, ಅವರೂ ಬಿಡ್ತಾರೆ. ಕುಣಿಗಲ್ ಒಂದು ಬಾಕಿ. ಈ ಭಾನುವಾರ ಹೋಗೋಣ ಅಂತಿದ್ದೆ."

ಗೌರಿ ನನ್ನ ಚಪ್ಪಲಿ ನೋಡಿದಳು. ಉಂಗುಷ್ಟ ಕಿತ್ತು, ಹೊಲಿಸಿ, ಮತ್ತೆ ಕಿತ್ತಿತ್ತು. ಆಮೇಲೆ ನನ್ನ ತೋಳಿನ ತಾಯತ ನೋಡಿದಳು. ನಗು ತಡೆಯಲಾರದೆ ಬಾಗಿಲಿಗೆ ಒರಗಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಕುಣಿಗಲ್‌ಗೆ ನಾನೂ ಬರ್ತೀನಿ" ಎಂದಳು. "ಆದ್ರೆ ಜೊತೇಲಿ ನಡೆಯಲ್ಲ. ನೀವು ಕೆರೆ ಏರಿಯ ಆ ಕಡೆಯಿಂದ ಬನ್ನಿ, ನಾನು ಈ ಕಡೆಯಿಂದ."

ಕುಣಿಗಲ್ ದೊಡ್ಡಕೆರೆ ಆ ವರ್ಷ ತುಂಬಿತ್ತು. ಭಾನುವಾರ ಸಂಜೆ ಏರಿಯ ಒಂದು ತುದಿಯಲ್ಲಿ ಅವಳನ್ನು ಬಿಟ್ಟು, ಊರೊಳಗಿಂದ ಬಳಸಿ ಇನ್ನೊಂದು ತುದಿಗೆ ಹೋಗಿ ನಡೆಯತೊಡಗಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ದೂರದಲ್ಲಿ ಒಂದು ಚುಕ್ಕಿ. ಚುಕ್ಕಿ ಸೀರೆಯಾಯಿತು, ಸೀರೆಗೆ ನಡಿಗೆ ಬಂತು. ನಿಂತು ನೀರು ನೋಡುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ನಾನು ಅವಸರ ಮಾಡಲಿಲ್ಲ. ಮುಂದೆ ನಾವು ಬಾಳಿದ ವರ್ಷಗಳಲ್ಲೆಲ್ಲ ಇದೇ ಕ್ರಮ ನಡೆಯಿತು. ಅವಳು ಒಬ್ಬಳೇ ಹೋಗುತ್ತಿದ್ದಳು, ನಾನೂ ಒಬ್ಬನೇ ಹೋಗುತ್ತಿದ್ದೆ, ದೀಪದ ಹೊತ್ತಿಗೆ ಇಬ್ಬರೂ ಮನೆಯಲ್ಲಿ ಸೇರಿ ಕಂಡದ್ದನ್ನು ಹಂಚಿಕೊಳ್ಳುತ್ತಿದ್ದೆವು. ಅದಕ್ಕಿಂತ ಹೆಚ್ಚಿನದನ್ನು ದೇವರಲ್ಲಿ ನಾನು ಬೇಡಲಿಲ್ಲ. ಬೇಡದೇ ಇದ್ದದ್ದನ್ನೂ ಅವನು ಕೊಟ್ಟಿದ್ದ.

ಏರಿಯ ನಡುವೆ ಎದುರಾದೆವು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು ನಿಂತಳು.

"ಎಲ್ಲಿಗವ್ವ ಹೊಂಟ್ರಿ, ಈ ಹೊತ್ತಿನಾಗೆ?"

ಸುಮ್ನೆ ಎಂದು ಹೇಳಲು ಬಾಯಿ ತೆರೆದೆ. ಗೌರಿ ಕೈ ಎತ್ತಿ ನನ್ನನ್ನು ತಡೆದಳು.

"ಇವರ ಮನೆಗೆ ಕಣಜ್ಜಿ" ಎಂದಳು. "ತುಮಕೂರು, ಹೊರಪೇಟೆ."

"ಹಂಗಾದ್ರೆ ಬಿರ್ರನೆ ನಡೀರಿ ತಾಯಿ. ಬಸ್ಸು ಹೊಂಡೋ ಹೊತ್ತಾಯ್ತು."

ಆ ಬಸ್ಸು ಹೊರಡುವ ಹೊತ್ತು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ನಾವು ಬಿರ್ರನೆ ನಡೆಯಲಿಲ್ಲ.